ದಿಣ್ಣೆಯ ಒಡಲು, ಬಾವಿಯ ನೀರು
(ವಿಸ್ತರಣಾ ಕಾರ್ಯಕರ್ತರು ಮತ್ತು ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



1997ನೇ ಇಸವಿಯ ಸೆಪ್ಟೆಂಬರ್ ಕೊನೆಯ ದಿನಗಳು. ಸ್ವೀಡನ್ ದೇಶದ ದಕ್ಷಿಣ ಭಾಗದ ಹಳ್ಳಿಗಾಡಿನಲ್ಲಿ ತೊರೆಯ ನೀರು ಕುಡಿದ ಕೆಲವು ಹಸುಗಳು ಹಿಂಗಾಲು ಊರಲಾರದೆ ತಡವರಿಸತೊಡಗಿದವು. ಕೆಲವು ಮಲಗಿದಲ್ಲಿಂದ ಏಳಲೇ ಇಲ್ಲ. ಅದೇ ತೊರೆಯಲ್ಲಿ ಮೀನುಗಳು ಸತ್ತು ತೇಲಿದವು. ಇದು ಅಂಟುರೋಗವೂ ಅಲ್ಲ, ಮೇವಿನ ದೋಷವೂ ಅಲ್ಲ ಎಂಬುದು ಬೇಗನೆ ತಿಳಿಯಿತು. ತೊಂದರೆ ಬಂದದ್ದು ಹೊಲದಿಂದಲ್ಲ, ಹೊಲಗಳ ಹಿಂದಿದ್ದ ತಗ್ಗಾದ ಒಂದು ದಿಣ್ಣೆಯ ಒಡಲಿನಿಂದ. ಆ ದಿಣ್ಣೆಯ ಹೆಸರು ಹಾಲಂಡ್ಸೋಸ್. ಅಲ್ಲಿ ನಡೆದ ಸಂಗತಿಯನ್ನು ಬಾವಿ ನಂಬಿ ಬೇಸಾಯ ಮಾಡುವವರೆಲ್ಲರೂ ತಿಳಿದಿರುವುದು ಒಳ್ಳೆಯದು.

ದಿಣ್ಣೆಯ ಪರಿಚಯ

ಸ್ವೀಡನ್ನಿನ ತೆಂಕಣ ತುದಿಯಲ್ಲಿ ಸ್ಕೋನೆ ಮತ್ತು ಹಾಲಂಡ್ ಎಂಬ ಎರಡು ಪ್ರಾಂತಗಳಿವೆ. ಇವೆರಡರ ಗಡಿಯಲ್ಲಿ ಅಡ್ಡಗೋಡೆಯಂತೆ ಮಲಗಿರುವುದೇ ಹಾಲಂಡ್ಸೋಸ್. ಸ್ವೀಡಿಷ್ ಭಾಷೆಯಲ್ಲಿ 'ಓಸ್' ಎಂದರೆ ದಿಣ್ಣೆ ಅಥವಾ ಏಣು ಎಂದೇ ಅರ್ಥ. ಉದ್ದ ಸುಮಾರು 40 ಕಿಲೋಮೀಟರ್, ಅಗಲ 5ರಿಂದ 10 ಕಿಲೋಮೀಟರ್. ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ 226 ಮೀಟರ್ ಮಾತ್ರ. ಬೆಟ್ಟವೆಂದು ಕರೆಯುವಷ್ಟು ಎತ್ತರವಿಲ್ಲ. ಆದರೆ ಎರಡೂ ಕಡೆ ಸಮತಟ್ಟಾದ ಬಯಲಿರುವುದರಿಂದ ದೂರದಿಂದಲೇ ಕಣ್ಣಿಗೆ ಬೀಳುತ್ತದೆ.

ಭೂಮಿಯ ಮೇಲ್ಪದರ ಉದ್ದಕ್ಕೂ ಸೀಳಿ, ಎರಡು ಸೀಳುಗಳ ನಡುವಿನ ಬಂಡೆ ಮೇಲಕ್ಕೆದ್ದು ಉಳಿದದ್ದರಿಂದ ಈ ದಿಣ್ಣೆ ಆಗಿದೆ. ಒಳಗಿರುವುದು ಬಹು ಪುರಾತನವಾದ ನೈಸ್ ಶಿಲೆ. ಅದರ ನಡುನಡುವೆ ಕರಿಕಲ್ಲಿನ ಪಟ್ಟಿಗಳು ಹಾದುಹೋಗಿವೆ. ಕೋಟ್ಯಂತರ ವರ್ಷಗಳ ಒತ್ತಡದಿಂದ ಬಂಡೆ ಎಷ್ಟೋ ಕಡೆ ಬಿರುಕುಬಿಟ್ಟಿದೆ. ಕೆಲವು ಕಡೆ ಅದು ಕೊಳೆತು, ಕೈಯಲ್ಲಿ ಹಿಚುಕಿದರೆ ಪುಡಿಯಾಗುವ ಮಣ್ಣಿನಂತಾಗಿದೆ. ಹೊರಗಿನಿಂದ ನೋಡಿದವರಿಗೆ ಇದೊಂದೂ ಕಾಣುವುದಿಲ್ಲ. ಮೇಲೆ ಬೀಚ್ ಮರಗಳ ಕಾಡು, ಸ್ಪ್ರೂಸ್ ನೆಡುತೋಪು, ಕಲ್ಲುಗೋಡೆ ಕಟ್ಟಿದ ಹುಲ್ಲುಗಾವಲು, ಅಲ್ಲಲ್ಲಿ ಒಂಟಿ ತೋಟದ ಮನೆ ಕಾಣುತ್ತವೆ, ಅಷ್ಟೆ.

ಸುತ್ತಲಿನ ಬೇಸಾಯ

ದಿಣ್ಣೆಯ ಉತ್ತರಕ್ಕೆ ಲಾಹೋಲ್ಮ್ ಬಯಲು, ದಕ್ಷಿಣಕ್ಕೆ ಎಂಗೆಲ್‌ಹೋಲ್ಮ್ ಬಯಲು. ಪಶ್ಚಿಮದಲ್ಲಿ ದಿಣ್ಣೆಯು ಸಮುದ್ರದೊಳಕ್ಕೆ ಚಾಚಿಕೊಂಡು ಬ್ಯಾರೆ ಎಂಬ ಪರ್ಯಾಯ ದ್ವೀಪದಲ್ಲಿ ಮುಗಿಯುತ್ತದೆ. ಉತ್ತರದ ಬುಡದಲ್ಲಿ ಬೋಸ್ತಾಡ್ ಎಂಬ ಸಣ್ಣ ಪಟ್ಟಣವಿದೆ. ದಿಣ್ಣೆಯ ಮೇಲಿನ ನೆಲ ಹಿಮನದಿಗಳು ತಂದು ಸುರಿದ ಕಲ್ಲುಮಿಶ್ರಿತ ಮಣ್ಣು. ಅದು ಹುಲ್ಲಿಗೆ, ದನಕ್ಕೆ, ಕಾಡಿಗೆ ಒಗ್ಗುತ್ತದೆ. ಬುಡದಲ್ಲಿ ಕಡಲ ಕಡೆ ಹಗುರವಾದ ಮರಳುಮಿಶ್ರಿತ ಮಣ್ಣಿದೆ.

ಈ ಹಗುರ ಮಣ್ಣೇ ಬ್ಯಾರೆಯ ರೈತರ ಬಂಡವಾಳ. ಚಳಿಗಾಲ ಮುಗಿಯುತ್ತಲೇ ಮರಳುಮಣ್ಣು ಬೇಗ ಬಿಸಿಯೇರುತ್ತದೆ. ಹತ್ತಿರದ ಸಮುದ್ರದಿಂದಾಗಿ ಹಿಮ ಬೀಳುವ ಭಯವೂ ಕಡಿಮೆ. ಆದ್ದರಿಂದ ಇಲ್ಲಿ ಮುಂಗಡವಾಗಿ ಆಲೂಗೆಡ್ಡೆ ಬೆಳೆಯುತ್ತಾರೆ. ಮೊಳಕೆ ಬರಿಸಿದ ಬಿತ್ತನೆ ಗೆಡ್ಡೆಯನ್ನು ವಸಂತಕ್ಕೆ ಮುಂಚೆಯೇ ನೆಟ್ಟು, ಸಾಲುಗಳ ಮೇಲೆ ಪ್ಲಾಸ್ಟಿಕ್ ಹಾಳೆ ಅಥವಾ ತೆಳುವಾದ ನಾರುಬಟ್ಟೆ ಹೊದಿಸುತ್ತಾರೆ. ಜೂನ್ ತಿಂಗಳ ಕೊನೆಗೆ ಬರುವ ನಡುಬೇಸಿಗೆಯ ಹಬ್ಬಕ್ಕೆ ಸ್ವೀಡನ್ನಿನ ಮನೆಮನೆಯಲ್ಲೂ ಹೊಸ ಆಲೂಗೆಡ್ಡೆ ಇರಲೇಬೇಕು. ಸಬ್ಬಸಿಗೆ ಸೊಪ್ಪು ಹಾಕಿ ಬೇಯಿಸಿ, ಬೆಣ್ಣೆ ಹಾಗೂ ಹೆರಿಂಗ್ ಮೀನಿನೊಡನೆ ತಿನ್ನುವುದು ವಾಡಿಕೆ. ಆ ಹಬ್ಬದ ಮಾರುಕಟ್ಟೆಗೆ ಮೊದಲು ಮಾಲು ಕಳಿಸಿದವನಿಗೆ ಒಳ್ಳೆಯ ಬೆಲೆ. ಹೀಗೆ ಈ ಸೀಮೆಯ ಹೆಸರೇ ಇಲ್ಲಿನ ಗೆಡ್ಡೆಗೆ ಬೆಲೆ ತಂದುಕೊಡುವಂಥದು. ಮುಂದಿನ ಕಥೆಯಲ್ಲಿ ಇದು ಮುಖ್ಯ.

ಬಂಡೆಯೊಳಗಿನ ನೀರು

ಪಡುವಣ ಸಮುದ್ರದಿಂದ ಬೀಸುವ ತೇವದ ಗಾಳಿ ದಿಣ್ಣೆಗೆ ತಾಗಿ ಮೇಲೇರುವುದರಿಂದ, ಬಯಲಿಗಿಂತ ದಿಣ್ಣೆಯ ಮೇಲೆ ಮಳೆ ಹೆಚ್ಚು. ಈ ನೀರು ಮಣ್ಣಿನಲ್ಲಿ ಇಂಗಿ ಬಂಡೆಯ ಬಿರುಕುಗಳಿಗೆ ಇಳಿಯುತ್ತದೆ. ಅಲ್ಲಿಂದ ನಿಧಾನವಾಗಿ ಹರಿದು ಒರತೆಯಾಗಿ, ತೊರೆಯಾಗಿ ಕೆಳಗಿನ ಬಯಲನ್ನು ಸೇರುತ್ತದೆ. ದಿಣ್ಣೆಯ ಮೇಲಿನ ತೋಟದ ಮನೆಗಳ ಬಾವಿಗಳಿಗೂ ಇದೇ ನೀರು ಆಧಾರ.

ಇಲ್ಲಿ ಒಂದು ಅಂಶವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಗಟ್ಟಿ ಬಂಡೆಯೊಳಗೆ ನೀರು ಕೆರೆಯಂತೆ ನಿಂತಿರುವುದಿಲ್ಲ. ಸ್ಪಂಜಿನಲ್ಲಿರುವಂತೆ ಎಲ್ಲೆಡೆ ಸಮನಾಗಿ ಹರಡಿಯೂ ಇರುವುದಿಲ್ಲ. ಅದು ಇರುವುದು ಬಿರುಕುಗಳಲ್ಲಿ ಮಾತ್ರ. ಬಿರುಕುಗಳು ಒಂದಕ್ಕೊಂದು ಕೂಡಿಕೊಂಡಿದ್ದರೆ, ಒಂದು ಕಡೆ ನೀರು ಹೊರಟಾಗ ಅರ್ಧ ಮೈಲಿ ಆಚೆಯ ಬಾವಿಯೂ ಇಳಿಯಬಹುದು. ಕೂಡಿಕೊಳ್ಳದಿದ್ದರೆ ಪಕ್ಕದ ಬಾವಿಗೂ ಏನೂ ಆಗದಿರಬಹುದು. ಕರ್ನಾಟಕದ ಮೈದಾನ ಸೀಮೆಯ ಬಹುಭಾಗದ ಅಡಿಯಲ್ಲಿರುವುದೂ ಇದೇ ಜಾತಿಯ ಪುರಾತನ ನೈಸ್ ಶಿಲೆ. ಒಬ್ಬರ ಹೊಲದಲ್ಲಿ ಕೊಳವೆ ಬಾವಿ ಕೊರೆದಾಗ ಇನ್ನೊಬ್ಬರ ಬಾವಿ ಬತ್ತಿದ್ದನ್ನು ಕಂಡವರಿಗೆ ಹಾಲಂಡ್ಸೋಸಿನ ಒಳಗುಟ್ಟು ಹೊಸದೆನಿಸದು.

ಸುರಂಗದ ಕೆಲಸ

ಸ್ವೀಡನ್ನಿನ ಪಶ್ಚಿಮ ಕರಾವಳಿಯ ರೈಲುಮಾರ್ಗ 1880ರ ದಶಕದಿಂದ ಈ ದಿಣ್ಣೆಯನ್ನು ಹತ್ತಿ ಇಳಿಯುತ್ತಿತ್ತು. ಒಂದೇ ಜೋಡಿ ಹಳಿ, ಕಡಿದಾದ ಏರು, ಬಿಗಿಯಾದ ತಿರುವು. ಗಂಟೆಗೆ ನಾಲ್ಕು ಗಾಡಿಗಳಿಗಿಂತ ಹೆಚ್ಚು ಓಡಿಸುವಂತಿರಲಿಲ್ಲ. ದಿಣ್ಣೆಯ ಅಡಿಯಲ್ಲಿ 8.7 ಕಿಲೋಮೀಟರ್ ಉದ್ದದ ಜೋಡಿ ಸುರಂಗ ತೋಡಿ ಈ ಇಕ್ಕಟ್ಟನ್ನು ನಿವಾರಿಸಲು ಯೋಜನೆ ಸಿದ್ಧವಾಯಿತು. 1992ರಲ್ಲಿ ಕೆಲಸ ಆರಂಭವಾಯಿತು. ನಾಲ್ಕಾರು ವರ್ಷಗಳಲ್ಲಿ ಮುಗಿಯುವುದೆಂದು ಎಣಿಕೆಯಿತ್ತು.

ಕೊರೆಯಲು ತಂದ ದೊಡ್ಡ ಯಂತ್ರ ಕೆಲವೇ ಮೀಟರ್ ಸಾಗುವಷ್ಟರಲ್ಲಿ ಕೊಳೆತ ಬಂಡೆಯಲ್ಲಿ ಸಿಕ್ಕಿಕೊಂಡಿತು. ಆಮೇಲೆ ಸಿಡಿಮದ್ದು ಹಾಕಿ ಒಡೆಯುವ ಹಳೆಯ ಕ್ರಮಕ್ಕೇ ಮರಳಬೇಕಾಯಿತು. ಮೊದಲ ಗುತ್ತಿಗೆದಾರರು ಬಿಟ್ಟುಹೋಗಿ, 1996ರಲ್ಲಿ ಬೇರೆಯವರು ಬಂದರು. ಎಲ್ಲಕ್ಕಿಂತ ದೊಡ್ಡ ತೊಡಕು ನೀರು. ಒಡೆದಲ್ಲೆಲ್ಲ ಬಿರುಕುಗಳಿಂದ ನೀರು ಸುರಿಯುತ್ತಿತ್ತು. ಸುರಂಗದಿಂದ ಎಷ್ಟು ನೀರು ಹೊರಹಾಕಬಹುದೆಂಬುದಕ್ಕೆ ನ್ಯಾಯಾಲಯ ಮಿತಿ ಹಾಕಿತ್ತು. ಆ ಮಿತಿಯೂ ಮೀರಿತು. ಸುರಂಗಕ್ಕೆ ಸುರಿದ ನೀರು ಬೇರೆಲ್ಲಿಂದಲೋ ಬಂದದ್ದಲ್ಲ. ಅದು ದಿಣ್ಣೆಯ ಮೇಲಿನವರ ಬಾವಿಯ ನೀರೇ. ಅಂತರ್ಜಲ ಕುಸಿಯಿತು, ಹಲವು ತೋಟದ ಮನೆಗಳ ಬಾವಿಗಳು ಬತ್ತಿದವು.

ಸೋರಿಕೆ ತಡೆಯಲು ಮೊದಲು ಬಿರುಕುಗಳಿಗೆ ಸಿಮೆಂಟಿನ ಬಗ್ಗಡ ತುಂಬಿ ನೋಡಿದರು. ಅದು ಸಾಲಲಿಲ್ಲ. 1997ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ರೋಕಾ-ಗಿಲ್ ಎಂಬ ರಾಸಾಯನಿಕ ಅಂಟನ್ನು ಭಾರೀ ಪ್ರಮಾಣದಲ್ಲಿ ಒತ್ತಿ ತುಂಬಿದರು. ಒಟ್ಟು ಬಳಸಿದ್ದು ಸುಮಾರು 1,400 ಟನ್. ಇದರಲ್ಲಿ ಅಕ್ರಿಲಮೈಡ್ ಎಂಬ ವಸ್ತುವಿತ್ತು. ಅಕ್ರಿಲಮೈಡ್ ಸರಿಯಾಗಿ ಹೆಪ್ಪುಗಟ್ಟಿದರೆ ಅಂಬಲಿಯಂಥ ಗಟ್ಟಿ ಪದಾರ್ಥವಾಗಿ ನಿರುಪದ್ರವಿಯಾಗುತ್ತದೆ. ಹೆಪ್ಪುಗಟ್ಟುವ ಮೊದಲು ಅದು ನರಗಳಿಗೆ ವಿಷ. ನೀರಿನಲ್ಲಿ ಸುಲಭವಾಗಿ ಕರಗುವಂಥದು. ನುಗ್ಗಿ ಬರುತ್ತಿದ್ದ ನೀರು ಅಂಟು ಹೆಪ್ಪುಗಟ್ಟಲು ಬಿಡಲಿಲ್ಲ. ಒಂದು ಪಾಲು ನೀರಿನಲ್ಲಿ ಕದಡಿ, ಸುರಂಗದ ಬಚ್ಚಲುನೀರಿನೊಂದಿಗೆ ವಾಡ್‌ಬೆಕೆನ್ ಎಂಬ ತೊರೆಗೆ ಸೇರಿತು. ಹಸುಗಳು ಕುಡಿದದ್ದು ಆ ತೊರೆಯ ನೀರನ್ನೇ.

ರೈತರಿಗೆ ಒದಗಿದ ಕಷ್ಟ

ಅಕ್ಟೋಬರ್ ತಿಂಗಳಲ್ಲಿ ಕೆಲಸ ನಿಂತಿತು. ಸುರಂಗದ ಸುಮಾರು ಮೂರನೆಯ ಒಂದು ಭಾಗ ಮಾತ್ರ ಆಗಿತ್ತು. ಸುತ್ತಲಿನ ಪ್ರದೇಶವನ್ನು ಅಪಾಯದ ವಲಯವೆಂದು ಗುರುತಿಸಿ, ಬಾವಿಯ ನೀರು ಕುಡಿಯಬಾರದೆಂದು ತಿಳಿಸಲಾಯಿತು. ಹಾಲನ್ನು ಚೆಲ್ಲಬೇಕಾಯಿತು. ದನಗಳನ್ನು ಕೊಲ್ಲಬೇಕಾಯಿತು. ತರಕಾರಿ ಹೊಲದಲ್ಲೇ ಉಳಿಯಿತು.

ಗಮನಿಸಬೇಕಾದ ಸಂಗತಿಯೆಂದರೆ, ನಷ್ಟವು ಅಪಾಯದ ವಲಯದೊಳಗೆ ನಿಲ್ಲಲಿಲ್ಲ. ತೊರೆಗೆ ಸಂಬಂಧವೇ ಇಲ್ಲದ ರೈತರ ಬೆಳೆಯನ್ನೂ ಕೊಳ್ಳಲು ವ್ಯಾಪಾರಿಗಳು ಹಿಂಜರಿದರು. ಯಾವ ಊರಿನ ಹೆಸರಿನಿಂದ ಆಲೂಗೆಡ್ಡೆಗೆ ಬೆಲೆ ಬರುತ್ತಿತ್ತೋ, ಆ ಹೆಸರೇ ಮಾರಾಟಕ್ಕೆ ಅಡ್ಡಿಯಾಯಿತು. ಮುಂದೆ ಪರೀಕ್ಷೆಗಳಾಗಿ ಬಹುತೇಕ ಬಾವಿಗಳ ನೀರು ಮತ್ತು ಬೆಳೆಗಳು ಶುದ್ಧವಾಗಿವೆಯೆಂದು ತಿಳಿದುಬಂತು. ರೈತರಿಗೆ ಪರಿಹಾರವೂ ದೊರೆಯಿತು. ಆದರೆ ಚೆಲ್ಲಿದ ಹಾಲು, ಕೊಂದ ದನ, ಕೊಳ್ಳುವವರ ಮನಸ್ಸಿನಲ್ಲಿ ಹುಟ್ಟಿದ ಶಂಕೆ ಇವುಗಳನ್ನು ಪರೀಕ್ಷೆಯ ಚೀಟಿ ಹಿಂದಕ್ಕೆ ತರಲಾರದು.

ರಕ್ತಪರೀಕ್ಷೆಯಿಂದ ಬಾಣಲೆಯವರೆಗೆ

ಸುರಂಗದ ಕೆಲಸಗಾರರೂ ಈ ಅಂಟನ್ನು ಮುಟ್ಟಿದ್ದರು. 223 ಮಂದಿಯನ್ನು ತಪಾಸಣೆ ಮಾಡಲಾಯಿತು. ರಕ್ತದ ಕೆಂಪು ಬಣ್ಣಕ್ಕೆ ಕಾರಣವಾದ ಹಿಮೋಗ್ಲೋಬಿನ್ನಿಗೆ ಅಕ್ರಿಲಮೈಡ್ ಅಂಟಿಕೊಳ್ಳುತ್ತದೆ. ಅದನ್ನು ಅಳೆದರೆ ಮೈಗೆ ಎಷ್ಟು ಸೇರಿತ್ತೆಂಬುದು ತಿಳಿಯುತ್ತದೆ. ಹೆಚ್ಚು ಸೇರಿದ್ದ ಕೆಲವರಿಗೆ ಕೈಕಾಲು ಜುಮ್ಮೆನ್ನುವುದು, ಮರಗಟ್ಟುವುದು ಕಂಡುಬಂದಿತ್ತು. ಒಂದೂವರೆ ವರ್ಷದೊಳಗೆ ಬಹುತೇಕ ಎಲ್ಲರೂ ಗುಣಹೊಂದಿದರು.

ಇಂಥ ತಪಾಸಣೆಯಲ್ಲಿ ಹೋಲಿಕೆಗಾಗಿ, ಸುರಂಗದ ಹತ್ತಿರವೂ ಹೋಗದವರ ರಕ್ತವನ್ನೂ ನೋಡುವುದು ಕ್ರಮ. ಅಚ್ಚರಿಯೆಂದರೆ, ಅವರ ರಕ್ತದಲ್ಲೂ ಸ್ವಲ್ಪ ಮಟ್ಟಿಗೆ ಅಕ್ರಿಲಮೈಡಿನ ಗುರುತಿತ್ತು. ತಂಬಾಕು ಸೇದುವವರಲ್ಲಿ ಇರುವುದು ಸಹಜ, ಹೊಗೆಯಲ್ಲಿ ಅದಿದೆ. ಸೇದದವರಲ್ಲೂ ಏಕೆ? ಬೇಯಿಸದ ಮೇವು ತಿನ್ನುವ ಪ್ರಾಣಿಗಳಲ್ಲಿ ಆ ಗುರುತು ಕಡಿಮೆಯಿತ್ತು. ಹಾಗಾದರೆ ಅದು ಅಡಿಗೆಯಿಂದ ಬರುತ್ತಿರಬಹುದೇ ಎಂದು ಸ್ಟಾಕ್‌ಹೋಮ್ ವಿಶ್ವವಿದ್ಯಾನಿಲಯದ ಮಾರ್ಗರೇಟಾ ಟೋರ್ನ್‌ಕ್ವಿಸ್ಟ್ ಮತ್ತು ಅವರ ಸಂಗಡಿಗರು ಶಂಕಿಸಿದರು. ಇಲಿಗಳಿಗೆ ಹುರಿದ ಆಹಾರ ತಿನ್ನಿಸಿ ನೋಡಿದಾಗ ಶಂಕೆ ನಿಜವಾಯಿತು. 2002ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ಆಹಾರ ಆಡಳಿತ ಮತ್ತು ಈ ವಿಜ್ಞಾನಿಗಳು ಸೇರಿ ವಿಷಯವನ್ನು ಜಗತ್ತಿಗೆ ತಿಳಿಸಿದರು: ಪಿಷ್ಟವಿರುವ ಆಹಾರವನ್ನು ಹೆಚ್ಚು ಕಾವಿನಲ್ಲಿ ಕರಿದಾಗ, ಹುರಿದಾಗ, ಸುಟ್ಟಾಗ ಅಕ್ರಿಲಮೈಡ್ ತಾನಾಗಿಯೇ ಹುಟ್ಟುತ್ತದೆ. ಎಲ್ಲಕ್ಕಿಂತ ಹೆಚ್ಚು ಕಂಡದ್ದು ಆಲೂಗೆಡ್ಡೆಯ ಚಿಪ್ಸ್ ಮತ್ತು ಕರಿದ ಹೋಳುಗಳಲ್ಲಿ.

ಇದರ ಕಾರಣ ಸರಳ. ಆಲೂಗೆಡ್ಡೆಯಲ್ಲಿ ಆಸ್ಪರಜೀನ್ ಎಂಬ ಅಮೈನೋ ಆಮ್ಲ ಹೇರಳವಾಗಿದೆ; ಸಕ್ಕರೆಯೂ ಇದೆ. ಇವೆರಡು 120 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಕಾವಿನಲ್ಲಿ ಕೂಡಿದಾಗ, ಹೊಂಬಣ್ಣ ಮತ್ತು ರುಚಿಯ ಜೊತೆಗೆ ಅಕ್ರಿಲಮೈಡ್ ಕೂಡ ಹುಟ್ಟುತ್ತದೆ. ನೀರಿನಲ್ಲಿ ಬೇಯಿಸಿದಾಗ ಕಾವು ಅಷ್ಟಕ್ಕೆ ಏರುವುದಿಲ್ಲ. ಬ್ಯಾರೆಯ ಹಬ್ಬದ ಬೇಯಿಸಿದ ಗೆಡ್ಡೆಯಿಂದ ಈ ದೃಷ್ಟಿಯಲ್ಲಿ ಚಿಂತೆಯಿಲ್ಲ. ಅಕ್ರಿಲಮೈಡ್ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಪಟ್ಟಿಗೆ 1994ರಲ್ಲೇ ಸೇರಿದೆ. ಊಟದಲ್ಲಿ ಸಿಗುವ ಅಲ್ಪ ಪ್ರಮಾಣಕ್ಕೆ ಗಾಬರಿಪಡಬೇಕಿಲ್ಲ, ಆದರೆ ಸಾಧ್ಯವಾದಷ್ಟು ತಗ್ಗಿಸುವುದು ಲೇಸು ಎಂಬುದು ತಜ್ಞರ ಸಲಹೆ. ಯೂರೋಪಿನ ಒಕ್ಕೂಟವು ಆಹಾರ ತಯಾರಕರು ಅನುಸರಿಸಬೇಕಾದ ನಿಯಮಗಳನ್ನು 2018ರಿಂದ ಜಾರಿಗೆ ತಂದಿದೆ.

ಹಾಸನ, ಚಿಕ್ಕಬಳ್ಳಾಪುರ, ಬೆಳಗಾವಿ ಕಡೆಯ ಆಲೂಗೆಡ್ಡೆ ಬೆಳೆಗಾರರಿಗೂ ಇದು ಸಂಬಂಧಿಸಿದ ಮಾತು. ಗೆಡ್ಡೆಯನ್ನು ಬಹಳ ತಣ್ಣಗೆ ದಾಸ್ತಾನು ಮಾಡಿದರೆ ಪಿಷ್ಟ ಸಕ್ಕರೆಯಾಗಿ ಮಾರ್ಪಡುತ್ತದೆ. ಅಂಥ ಗೆಡ್ಡೆ ಕರಿದಾಗ ಬೇಗ ಕಂದುಗಟ್ಟುತ್ತದೆ, ಅಕ್ರಿಲಮೈಡೂ ಹೆಚ್ಚುತ್ತದೆ. ಚಿಪ್ಸ್ ತಯಾರಕರು ಸಕ್ಕರೆ ಕಡಿಮೆಯಿರುವ ತಳಿಗಳನ್ನೇ ಕೇಳುವುದಕ್ಕೆ ಮತ್ತು ಬಲಿಯದ ಗೆಡ್ಡೆಯನ್ನು ತಿರಸ್ಕರಿಸುವುದಕ್ಕೆ ಇದೂ ಒಂದು ಕಾರಣ.

ಎರಡನೆಯ ಪ್ರಯತ್ನ

ಇತ್ತ ದಿಣ್ಣೆಯೊಳಗೆ ಅರ್ಧ ತೋಡಿದ ಸುರಂಗ ಹಾಗೇ ಉಳಿದಿತ್ತು. ಮುಚ್ಚಿಬಿಡುವುದೋ ಮುಂದುವರಿಸುವುದೋ ಎಂದು ವರ್ಷಗಟ್ಟಲೆ ಚರ್ಚೆ ನಡೆದು, ಕೊನೆಗೆ 2003ರಲ್ಲಿ ಮುಂದುವರಿಸಲು ತೀರ್ಮಾನವಾಯಿತು. ಈ ಸಲ ದಾರಿ ಬೇರೆ. ನೀರನ್ನು ಸುರಿಯಲು ಬಿಟ್ಟು ಆಮೇಲೆ ಅಂಟು ಹಚ್ಚುವುದಲ್ಲ. ನೀರನ್ನು ಬಂಡೆಯಲ್ಲೇ ಉಳಿಸಿಕೊಂಡು ಸಾಗುವುದು. 2005ರಲ್ಲಿ ಕೆಲಸಕ್ಕಿಳಿದ 'ಓಸಾ' ಎಂಬ ಹೊಸ ಯಂತ್ರಕ್ಕೆ ಸುತ್ತಲೂ ಉಕ್ಕಿನ ಕವಚವಿತ್ತು. ಯಂತ್ರ ಮುಂದೆ ಸಾಗಿದಂತೆ ಹಿಂದೆ ಬಾವಿಗೆ ಉಂಗುರ ಇಳಿಸುವ ಹಾಗೆ ಕಾಂಕ್ರೀಟಿನ ಬಳೆಗಳನ್ನು ಜೋಡಿಸಿ, ನೀರು ಸೋರದಂತೆ ಬಿಗಿ ಮಾಡುತ್ತಿದ್ದರು. ಮೊಲ್ಲೆಬೆಕ್ ಎಂಬ ಅತಿ ಕೊಳೆತ ಬಂಡೆಯ ಭಾಗದಲ್ಲಿ ನೆಲವನ್ನೇ ಹೆಪ್ಪುಗಟ್ಟಿಸಿ, ಮಂಜುಗಡ್ಡೆಯಂತೆ ಗಟ್ಟಿ ಮಾಡಿಕೊಂಡು ಕೊರೆದರು. ಬಾವಿಗಳ, ತೊರೆಗಳ ಮಟ್ಟವನ್ನು ಎಡೆಬಿಡದೆ ಅಳೆಯುತ್ತಿದ್ದರು.

ಮೊದಲ ಸುರಂಗ 2010ರಲ್ಲಿ, ಎರಡನೆಯದು 2013ರಲ್ಲಿ ಆಚೆ ತುದಿ ಮುಟ್ಟಿತು. 2015ರ ಡಿಸೆಂಬರ್‌ನಲ್ಲಿ ರೈಲು ಓಡಿತು. ಆರಂಭದಿಂದ ಎಣಿಸಿದರೆ 23 ವರ್ಷ. ಸುಮಾರು ನೂರು ಕೋಟಿ ಕ್ರೋನಾದಲ್ಲಿ ಮುಗಿಯುವುದೆಂದಿದ್ದ ಕೆಲಸಕ್ಕೆ ಸಾವಿರ ಕೋಟಿಗೂ ಮೀರಿ ಖರ್ಚಾಯಿತು. ಒಳಗೋಡೆ ಬಿಗಿಯಾದ ಮೇಲೆ ದಿಣ್ಣೆಯ ಅಂತರ್ಜಲ ಮತ್ತೆ ಏರತೊಡಗಿತು.

ಕಲಿಯಬೇಕಾದ ಪಾಠಗಳು

ಮೇಲ್ಕಂಡ ವಿವರಗಳಿಂದ ರೈತರು ಮತ್ತು ಕಾರ್ಯಕರ್ತರು ಮನದಟ್ಟು ಮಾಡಿಕೊಳ್ಳಬೇಕಾದ ಅಂಶಗಳು ಇವು:

1. ಬಾವಿಯ ಲೆಕ್ಕವಿಡಬೇಕು. ಮುಂಗಾರಿಗೆ ಮುಂಚೆ ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ ನೀರಿನ ಆಳವನ್ನು ಹಗ್ಗದಿಂದ ಅಳೆದು, ದಿನಾಂಕದೊಡನೆ ಬರೆದಿಟ್ಟರೆ ಸಾಕು. ಬಾವಿ ಬತ್ತಿದ ಮೇಲೆ ಮೊದಲು ಎಷ್ಟಿತ್ತೆಂದು ಹೇಳಲು ಬರಹವೇ ಸಾಕ್ಷಿ.

2. ಹತ್ತಿರದಲ್ಲಿ ಕಲ್ಲುಗಣಿ, ಸುರಂಗ, ದೊಡ್ಡ ಕಾಲುವೆ ಮುಂತಾದ ಕೆಲಸ ಬರುವುದಿದ್ದರೆ, ಕೆಲಸಕ್ಕೆ ಮುಂಚೆಯೇ ಊರಿನ ಎಲ್ಲ ಬಾವಿಗಳ ಪಟ್ಟಿ ಮತ್ತು ನೀರಿನ ಪರೀಕ್ಷೆ ಆಗಬೇಕು. ಆಮೇಲೆ ಮಾಡಿದ ಪರೀಕ್ಷೆಯಿಂದ ವಾದ ಮಾತ್ರ ಬೆಳೆಯುತ್ತದೆ.

3. ಬಿರುಕಿನ ಬಂಡೆಯಲ್ಲಿ ವಿಷ ನೀರಿನಷ್ಟೇ ಸಲೀಸಾಗಿ ಸಾಗಬಲ್ಲದು. ಸಿಂಪರಣಾ ಪಂಪು ತೊಳೆದ ನೀರನ್ನಾಗಲಿ, ಕೀಟನಾಶಕದ ಖಾಲಿ ಡಬ್ಬಿಯನ್ನಾಗಲಿ ಬಾವಿಯ ಬಳಿ, ಹಳ್ಳದ ಬಳಿ ಹಾಕಲೇಬಾರದು. ಬತ್ತಿದ ಕೊಳವೆ ಬಾವಿಗೆ ಕಸ ತುಂಬುವುದೂ ಅಷ್ಟೇ ಅಪಾಯಕರ.

4. ದನಕರು, ಮೀನು ಇವು ನೀರಿನ ಮೊದಲ ಪರೀಕ್ಷಕರು. ಒಂದೇ ನೀರು ಕುಡಿದ ಹಲವು ದನಗಳು ಒಟ್ಟಿಗೆ ಕಾಲೆಳೆದರೆ, ತಡಮಾಡದೆ ಪಶುವೈದ್ಯರಿಗೆ ತಿಳಿಸಿ, ಆ ನೀರಿನ ಮಾದರಿಯನ್ನು ಶುಚಿಯಾದ ಸೀಸೆಯಲ್ಲಿ ತೆಗೆದಿಡಬೇಕು.

5. ಮನೆಯಲ್ಲಿ ಆಲೂಗೆಡ್ಡೆ ಕರಿಯುವಾಗ ಹೊಂಬಣ್ಣ ಬಂದೊಡನೆ ಇಳಿಸಬೇಕು, ಕಂದಾಗಲು ಬಿಡಬಾರದು. ಹೆಚ್ಚಿದ ಹೋಳುಗಳನ್ನು ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿ, ಆ ನೀರನ್ನು ಬಸಿದು ಚೆಲ್ಲಿ, ಹೋಳುಗಳನ್ನು ಒರೆಸಿ ಕರಿದರೆ ಇನ್ನೂ ಉತ್ತಮ.

ಹಾಲಂಡ್ಸೋಸಿನ ಮೊದಲ ಸುರಂಗದವರಿಗೆ ಯಂತ್ರದ ಕೊರತೆಯಿರಲಿಲ್ಲ, ಹಣದ ಕೊರತೆಯೂ ಇರಲಿಲ್ಲ. ದಿಣ್ಣೆಯೊಳಗಿನ ನೀರು ಮೇಲಿನವರ ಬಾವಿಗೂ ಕೆಳಗಿನವರ ತೊರೆಗೂ ಸೇರಿದ ಒಂದೇ ನೀರೆಂಬ ಎಣಿಕೆ ಸಾಲದೆ ಹೋಯಿತು. ಎರಡನೆಯ ಸಲ ಆ ಎಣಿಕೆಯನ್ನು ಮುಂದಿಟ್ಟುಕೊಂಡೇ ಕೆಲಸ ಮಾಡಿದರು, ಕೆಲಸವೂ ಮುಗಿಯಿತು. ಬಂಡೆ ಎಲ್ಲಿಯದಾದರೂ ಈ ಲೆಕ್ಕ ಬದಲಾಗುವುದಿಲ್ಲ. ಒಂದು ಹಗ್ಗ, ಒಂದು ನೋಟ್‌ಪುಸ್ತಕ ಇದ್ದರೆ ಪ್ರತಿಯೊಬ್ಬ ರೈತನೂ ತನ್ನ ಬಾವಿಯ ಲೆಕ್ಕವನ್ನು ಈ ವರ್ಷವೇ ಆರಂಭಿಸಬಹುದು.